ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ?

ಮೈ ಇಳಿಸಿಕೊಳ್ಳಬೇಕೆಂದು ನಮ್ಮ ವ್ಯಾಯಾಮಶಾಲೆಗೆ ಬರುವವರನ್ನು ನಾವು ಮೊದಲ ದಿನವೇ ಒಂದು ಪ್ರಶ್ನೆ ಕೇಳುವುದುಂಟು. "ಹತ್ತು ಕಿಲೋಗ್ರಾಂ ಕೊಬ್ಬು ಕರಗಿತೆಂದು ಇಟ್ಟುಕೊಳ್ಳಿ, ಅದು ದೇಹವನ್ನು ಬಿಟ್ಟು ಹೋದದ್ದು ಯಾವ ದಾರಿಯಿಂದ?" ಕೆಲವರು ಬೆವರಿನಿಂದ ಎನ್ನುತ್ತಾರೆ. ಕೊಬ್ಬೇ ಮಾಂಸಖಂಡವಾಗಿ ಮಾರ್ಪಡುತ್ತದೆ ಎಂಬುವವರೂ ಉಂಟು. ಕಾಲೇಜಿನಲ್ಲಿ ವಿಜ್ಞಾನ ಓದಿದವರಾದರೆ, "ಅದೆಲ್ಲ ಶಾಖವಾಗಿ ಹೋಗುತ್ತದೆ ಸಾರ್" ಎಂದು ಧೈರ್ಯವಾಗಿ ಹೇಳುತ್ತಾರೆ.

ಈ ಕೊನೆಯ ಉತ್ತರ ಹೇಳಿದವರು ತಾವು ಪ್ರೌಢಶಾಲೆಯಲ್ಲಿ ಕಲಿತ ದ್ರವ್ಯನಿತ್ಯತೆಯ ನಿಯಮವನ್ನು ಮರೆತಿದ್ದಾರೆ. ಸೌದೆ ಉರಿದಾಗ ಶಾಖ ಬರುತ್ತದೆ, ನಿಜ. ಆದರೆ ಸೌದೆಯ ಪರಮಾಣುಗಳು ಶಾಖವಾಗಲಿಲ್ಲ, ಹೊಗೆಯೂ ಅನಿಲವೂ ಬೂದಿಯೂ ಆದುವು. ಕೊಬ್ಬಿನ ಪರಮಾಣುಗಳೂ ಎಲ್ಲಿಗೋ ಹೋಗಿರಲೇಬೇಕಲ್ಲವೆ? ಹಾಗೆಂದು ಉತ್ತರ ತಪ್ಪಿದವರನ್ನು ನೋಡಿ ನಗುವ ಹಕ್ಕು ನಮ್ಮ ವೃತ್ತಿಯವರಿಗಿಲ್ಲ. ಆಸ್ಟ್ರೇಲಿಯದ ರೂಬೆನ್ ಮೀರ್ಮನ್ ಮತ್ತು ಆಂಡ್ರೂ ಬ್ರೌನ್ ಎಂಬವರು ಇದೇ ಪ್ರಶ್ನೆಯನ್ನು ವೈದ್ಯರು, ಆಹಾರತಜ್ಞರು, ವ್ಯಾಯಾಮ ಶಿಕ್ಷಕರು ಸೇರಿ 150 ಮಂದಿಗೆ ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ 'ಶಾಖ ಅಥವಾ ಶಕ್ತಿ' ಎಂದೇ ಹೇಳಿದರು. ಆ ಲೇಖನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗುವವರೆಗೆ ನಾವೂ ಆ ಗುಂಪಿನವರೇ ಆಗಿದ್ದೆವು.

ಸರಿಯಾದ ಉತ್ತರ ಬಹು ಸುಲಭ: ಕೊಬ್ಬು ಮೂಗಿನಿಂದ ಹೊರಟುಹೋಗುತ್ತದೆ! ಕೊಬ್ಬೆಂದರೆ ಇಂಗಾಲ, ಜಲಜನಕ, ಆಮ್ಲಜನಕಗಳ ಸಂಯುಕ್ತ. ನಮ್ಮ ದೇಹದಲ್ಲಿರುವ ಸರಾಸರಿ ಕೊಬ್ಬಿನ ಒಂದು ಅಣುವಿನಲ್ಲಿ 55 ಇಂಗಾಲ, 104 ಜಲಜನಕ, 6 ಆಮ್ಲಜನಕ ಪರಮಾಣುಗಳಿವೆಯೆಂದು ಆ ಲೇಖಕರು ಲೆಕ್ಕ ಹಿಡಿದರು. ಹೀಗಿರುವ 10 ಕಿಲೋಗ್ರಾಂ ಕೊಬ್ಬು ಪೂರ್ತಿ ಉರಿಯಬೇಕಾದರೆ 29 ಕಿಲೋಗ್ರಾಂ ಆಮ್ಲಜನಕವನ್ನು ಉಸಿರಿನಲ್ಲಿ ಒಳಗೆಳೆದುಕೊಳ್ಳಬೇಕು. ಉರಿದ ಮೇಲೆ ಉಳಿಯುವುದು 28 ಕಿಲೋಗ್ರಾಂ ಅಂಗಾರಾಮ್ಲ ವಾಯು, 11 ಕಿಲೋಗ್ರಾಂ ನೀರು. ಮೂಲ ಕೊಬ್ಬಿನ ತೂಕದಲ್ಲಿ 8.4 ಕಿಲೋಗ್ರಾಂ ಅಂಗಾರಾಮ್ಲ ವಾಯುವಾಗಿ ಶ್ವಾಸಕೋಶದ ಮೂಲಕವೂ, ಮಿಕ್ಕ 1.6 ಕಿಲೋಗ್ರಾಂ ನೀರಾಗಿ ಮೂತ್ರ, ಬೆವರು, ಉಸಿರುಗಳ ಮೂಲಕವೂ ಹೊರಬೀಳುತ್ತದೆ.

ಹಾಗಾದರೆ ಕುಳಿತಲ್ಲೇ ಏದುಸಿರು ಬಿಟ್ಟರೆ ತೂಕ ಇಳಿದೀತೆ? ಇಲ್ಲ. ಅಂಗಾರಾಮ್ಲ ವಾಯು ಹುಟ್ಟುವುದು ಜೀವಕೋಶಗಳಲ್ಲಿ. ಶ್ವಾಸಕೋಶ ಅದನ್ನು ಹೊರಸಾಗಿಸುವ ಬಂಡಿ ಮಾತ್ರ. ಬಂಡಿಯನ್ನು ಸುಮ್ಮನೆ ಓಡಿಸಿದರೆ ತಲೆಸುತ್ತು ಬಂದೀತೇ ಹೊರತು ಸರಕು ಹೆಚ್ಚುವುದಿಲ್ಲ. 70 ಕಿಲೋಗ್ರಾಂ ತೂಕದ ಮನುಷ್ಯನೊಬ್ಬ ನಿದ್ರೆ, ವಿಶ್ರಾಂತಿ, ಹಗುರ ಕೆಲಸಗಳಲ್ಲಿ ದಿನ ಕಳೆದರೆ ಸುಮಾರು 200 ಗ್ರಾಂ ಇಂಗಾಲವನ್ನು ಉಸಿರಿನೊಡನೆ ಬಿಡುತ್ತಾನೆ. ವಿಶ್ರಾಂತಿಯ ಒಂದು ಗಂಟೆಯನ್ನು ಓಟಕ್ಕೆ ಕೊಟ್ಟರೆ ಇನ್ನೊಂದು 40 ಗ್ರಾಂ ಸೇರುತ್ತದೆ. ಈ ಲೆಕ್ಕವನ್ನು ತಿಳಿದವನಿಗೆ 'ವಾರದಲ್ಲಿ ಹತ್ತು ಕಿಲೋ ಇಳಿಸಿಕೊಡುತ್ತೇವೆ' ಎಂಬ ಜಾಹೀರಾತುಗಳ ಬೆಲೆಯೂ ತಿಳಿಯುತ್ತದೆ.

ನಮ್ಮ ವೃತ್ತಿಗೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. ಗರಡಿಯಲ್ಲಿ ಉಸ್ತಾದರಿದ್ದರು, ಶಾಲೆಯಲ್ಲಿ ಡ್ರಿಲ್ ಮಾಸ್ತರರಿದ್ದರು. ಇಬ್ಬರ ಬಳಿಗೂ ಯಾರೂ ಸಣ್ಣಗಾಗಲೆಂದು ಹೋಗುತ್ತಿರಲಿಲ್ಲ. ಮೈಸೂರಿನ ಗರಡಿಯೊಂದರ ಕೆಮ್ಮಣ್ಣಿನಲ್ಲಿ ನಾವು ಬಾಲ್ಯದಲ್ಲಿ ದಂಡ, ಬಸ್ಕಿ ಹೊಡೆಯುತ್ತಿದ್ದಾಗ, ಮೈ ತುಂಬಿಕೊಳ್ಳುವುದೇ ಎಲ್ಲರ ಹಂಬಲ. ಈಗ ಬರುವವರು ಅಂಗಿಯನ್ನು ಎತ್ತಿ ಹೊಟ್ಟೆಯನ್ನು ಹಿಡಿದು ತೋರಿಸಿ, "ಇದೊಂದು ಹೋದರೆ ಸಾಕು ಸಾರ್" ಎನ್ನುತ್ತಾರೆ. ಇದೊಂದು ಮಾತ್ರ ಹೋಗುವ ಉಪಾಯವೇ ಇಲ್ಲವೆಂದು ಅವರಿಗೆ ಹೇಗೆ ತಿಳಿಯಹೇಳಬೇಕು? 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತರುಣರಿಂದ 27 ದಿನಗಳಲ್ಲಿ ತಲಾ 5,004 ಬಾರಿ ಅಂಗಾತ ಮಲಗಿ ಮೇಲೇಳುವ ಸಾಮು ಮಾಡಿಸಿದರು. ಮುಂಚೆಯೂ ಆಮೇಲೂ ಹೊಟ್ಟೆ, ಬೆನ್ನು, ಪೃಷ್ಠಗಳಿಂದ ಸೂಜಿಯಲ್ಲಿ ಕೊಬ್ಬಿನ ಕಣಗಳನ್ನು ತೆಗೆದು ಅಳೆದರು. ಕಣಗಳು ಕುಗ್ಗಿದ್ದುವು, ಆದರೆ ಮೂರು ಕಡೆಯಲ್ಲೂ ಒಂದೇ ಪ್ರಮಾಣದಲ್ಲಿ. ದುಡಿದ ಹೊಟ್ಟೆಗೆ ವಿಶೇಷ ಬಹುಮಾನವೇನೂ ಸಿಕ್ಕಲಿಲ್ಲ. ಕೊಬ್ಬು ಸಾರ್ವಜನಿಕ ಕಣಜದಿಂದ ರಕ್ತದ ಮೂಲಕ ಹಂಚಿಕೆಯಾಗುವ ವಸ್ತು. ಪಕ್ಕದ ಮನೆಯವನು ಕೂಗಿದನೆಂದು ಕಣಜದ ಆ ಮೂಲೆ ಮಾತ್ರ ಬರಿದಾಗುವುದಿಲ್ಲ.

ಇನ್ನು ನಮ್ಮ ತಪ್ಪೊಂದನ್ನು ಹೇಳಬೇಕು. ಈ ವೃತ್ತಿಗೆ ಬಂದ ಹೊಸತರಲ್ಲಿ ಕಚೇರಿಯೊಂದರ ಗುಮಾಸ್ತರು ನಮ್ಮಲ್ಲಿಗೆ ಬಂದರು. ತೂಕ 92 ಕಿಲೋಗ್ರಾಂ; ಎಂಟು ವಾರಗಳಲ್ಲಿ ಮದುವೆ. ದಿನಕ್ಕೆ ಒಂದು ಸಾವಿರ ಕಿಲೊಕ್ಯಾಲೊರಿಗೂ ಕಡಮೆಯ ಊಟ, ಎಣ್ಣೆಯ ಹನಿಯೂ ಇಲ್ಲ, ಬೆಳಗ್ಗೆ ಸಂಜೆ ಓಟ ಎಂದು ನಾವು ಕಟ್ಟುಮಾಡಿದೆವು. ಮೊದಲ ವಾರವೇ ನಾಲ್ಕು ಕಿಲೋಗ್ರಾಂ ಇಳಿಯಿತು. ಅವರಿಗೆ ಹಿಗ್ಗು, ನಮಗೆ ಅದಕ್ಕಿಂತ ಹಿಗ್ಗು. ಅದರಲ್ಲಿ ಬಹುಪಾಲು ನೀರೆಂಬುದು ಆಗ ನಮಗೆ ಹೊಳೆಯಲಿಲ್ಲ. ಯಕೃತ್ತಿನಲ್ಲೂ ಮಾಂಸಖಂಡಗಳಲ್ಲೂ ಗ್ಲೈಕೊಜೆನ್ ಎಂಬ ಪಿಷ್ಟದ ದಾಸ್ತಾನಿದೆ. ಅದರ ಪ್ರತಿ ಗ್ರಾಂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ಕಡಮೆಯಾದೊಡನೆ ಮೊದಲು ಖರ್ಚಾಗುವುದು ಈ ದಾಸ್ತಾನು. ನೀರೂ ಅದರ ಹಿಂದೆಯೇ ಹೊರಡುತ್ತದೆ.

ಎಂಟನೆಯ ವಾರಕ್ಕೆ ತೂಕದ ಯಂತ್ರದ ಮುಳ್ಳು 78ಕ್ಕೆ ಬಂತು. ಆದರೆ ಮೊದಲು ಸಲೀಸಾಗಿ ಎತ್ತುತ್ತಿದ್ದ ಡಂಬೆಲ್ ಅವರಿಗೆ ಭಾರವಾಗಿತ್ತು. ಅದು ಎಚ್ಚರಿಕೆಯೆಂದು ನಾವು ಅರಿಯಬೇಕಾಗಿತ್ತು, 'ಆಯಾಸವಿರಬಹುದು' ಎಂದುಬಿಟ್ಟೆವು. ಮದುವೆಯಾದ ತಿಂಗಳೊಪ್ಪತ್ತಿನಲ್ಲಿ ಒಂದು ರಾತ್ರಿ ಬಲ ಪಕ್ಕೆಯ ಕೆಳಗೆ ತಡೆಯಲಾರದ ನೋವು ಬಂದು ಅವರನ್ನು ಆಸ್ಪತ್ರೆಗೆ ಸೇರಿಸಿದರು. ಪಿತ್ತಕೋಶದಲ್ಲಿ ಕಲ್ಲುಗಳಿದ್ದುವು. ನೋಡಲು ಹೋದ ನಮ್ಮನ್ನು ಅಲ್ಲಿನ ವೈದ್ಯರು ಬದಿಗೆ ಕರೆದು ಕೇಳಿದ ಪ್ರಶ್ನೆ ಒಂದೇ: "ವಾರಕ್ಕೆ ಎಷ್ಟು ಇಳಿಸಿದಿರಿ?"

ಕೊಬ್ಬು ಅವಸರದಿಂದ ಕರಗುವಾಗ ಯಕೃತ್ತು ಪಿತ್ತರಸದೊಳಕ್ಕೆ ಕೊಲೆಸ್ಟೆರಾಲನ್ನು ಹೆಚ್ಚಾಗಿ ಸುರಿಯುತ್ತದೆ. ಊಟದಲ್ಲಿ ಜಿಡ್ಡೇ ಇಲ್ಲವಾದರೆ ಪಿತ್ತಕೋಶಕ್ಕೆ ಹಿಂಡಿಕೊಂಡು ಬರಿದಾಗುವ ಕೆಲಸವೂ ಇಲ್ಲ. ನಿಂತ ರಸದಲ್ಲಿ ಕೊಲೆಸ್ಟೆರಾಲು ಹರಳುಗಟ್ಟುತ್ತದೆ. ವಾರಕ್ಕೆ ಒಂದೂವರೆ ಕಿಲೋಗ್ರಾಂ ಮೀರಿ ಇಳಿಸುವವರಲ್ಲಿ ಈ ಅಪಾಯ ಬಹಳ ಹೆಚ್ಚು. ನಾವು ಇಳಿಸಿದ್ದು ಒಂದೂ ಮುಕ್ಕಾಲು. ಅವರ ಪಿತ್ತಕೋಶವನ್ನು ತೆಗೆಯಬೇಕಾಯಿತು. ಅವರು ನಮ್ಮನ್ನು ದೂರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ವರ್ಷ ತುಂಬುವುದರೊಳಗೆ ತೂಕ ಮತ್ತೆ 90 ಮುಟ್ಟಿತ್ತು.

ತೂಕ ಹಿಂತಿರುಗಿದ್ದು ಬರಿಯ ನಾಲಗೆಯ ಚಾಪಲ್ಯದಿಂದಲೆ? ಅಮೆರಿಕದಲ್ಲಿ ಟೆಲಿವಿಷನ್ನಿನ ಸ್ಪರ್ಧೆಯೊಂದರಲ್ಲಿ 30 ವಾರಗಳಲ್ಲಿ ಸರಾಸರಿ 58 ಕಿಲೋಗ್ರಾಂ ಇಳಿಸಿದ 14 ಮಂದಿಯನ್ನು ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ಆರು ವರ್ಷಗಳ ತರುವಾಯ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ 41 ಕಿಲೋಗ್ರಾಂ ಹಿಂತಿರುಗಿತ್ತು. ಅದಕ್ಕಿಂತ ಸೋಜಿಗವೆಂದರೆ, ಅಷ್ಟು ಗಾತ್ರದ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡಬೇಕಾದುದಕ್ಕಿಂತ ಅವರ ದೇಹಗಳು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಕಡಮೆ ಖರ್ಚು ಮಾಡುತ್ತಿದ್ದುವು. ಜೊತೆಗೆ, ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು 'ಕಣಜ ತುಂಬಿದೆ' ಎಂದು ಮೆದುಳಿಗೆ ಸುದ್ದಿ ಕಳಿಸುತ್ತವೆ. ಇದನ್ನು 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್‌ರ ಪ್ರಯೋಗಶಾಲೆ ಕಂಡುಹಿಡಿಯಿತು. ಕೊಬ್ಬು ಕರಗಿದಂತೆ ಈ ಸುದ್ದಿ ಕ್ಷೀಣಿಸಿ ಹಸಿವು ಕೆರಳುತ್ತದೆ. ಬರಗಾಲವನ್ನು ಎದುರಿಸಲು ಸಹಸ್ರಾರು ವರ್ಷ ತರಬೇತಾದ ದೇಹಕ್ಕೆ, ಇದು ಮದುವೆಯ ಸಿದ್ಧತೆ ಎಂದು ಹೇಗೆ ಗೊತ್ತಾಗಬೇಕು!

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ತಿಂಗಳಿಗೆ ಎರಡು ಕಿಲೋಗ್ರಾಂ ಇಳಿದರೆ ಸಾಕೆನ್ನುತ್ತೇವೆ. ಓಟಕ್ಕಿಂತ ಮೊದಲು ಭಾರ ಎತ್ತಿಸುತ್ತೇವೆ. ಕೆಲಸವಿರುವ ಮಾಂಸಖಂಡವನ್ನು ದೇಹ ಸುಲಭವಾಗಿ ಕರಗಿಸುವುದಿಲ್ಲ. ಬೇಳೆ, ಕಾಳು, ಮೊಸರು, ಮೊಟ್ಟೆಗಳಿಂದ ಸಸಾರಜನಕ ಸಾಕಷ್ಟು ಸಿಕ್ಕುವಂತೆ ನೋಡಿಕೊಳ್ಳುತ್ತೇವೆ. ಮುದ್ದೆಯನ್ನೋ ಅನ್ನವನ್ನೋ ಬಿಡಿಸುವುದಿಲ್ಲ, ಅಳತೆ ಹೇಳುತ್ತೇವೆ.

ಅಳತೆಯೇ ಈ ವೃತ್ತಿಯ ಕಷ್ಟದ ಭಾಗ. "ನಾನು ಏನೂ ತಿನ್ನುವುದೇ ಇಲ್ಲ, ಆದರೂ ಇಳಿಯುವುದಿಲ್ಲ" ಎಂಬ ಮಾತನ್ನು ನಾವು ವಾರಕ್ಕೊಮ್ಮೆಯಾದರೂ ಕೇಳುತ್ತೇವೆ. ಹೀಗೆ ಹೇಳುವವರನ್ನೇ ಆರಿಸಿ ನ್ಯೂಯಾರ್ಕಿನಲ್ಲಿ ಒಂದು ಪರೀಕ್ಷೆ ನಡೆಯಿತು. ಫಲಿತಾಂಶ 1992ರಲ್ಲಿ ಹೊರಬಂತು. ಭಾರ ಪರಮಾಣುಗಳನ್ನು ಬೆರೆಸಿದ ನೀರನ್ನು ಕುಡಿಸಿ, ಅವು ದೇಹದಿಂದ ಹೊರಹೋಗುವ ವೇಗದಿಂದ ನಿಜವಾದ ಖರ್ಚನ್ನು ಅಳೆದರು. ದೇಹಗಳ ಖರ್ಚಿನಲ್ಲಿ ಯಾವ ದೋಷವೂ ಇರಲಿಲ್ಲ. ತಿಂದದ್ದನ್ನು ಅವರು ಸರಾಸರಿ ನೂರಕ್ಕೆ 47ರಷ್ಟು ಕಡಮೆಯಾಗಿಯೂ, ಮಾಡಿದ ವ್ಯಾಯಾಮವನ್ನು ನೂರಕ್ಕೆ 51ರಷ್ಟು ಹೆಚ್ಚಾಗಿಯೂ ಹೇಳಿದ್ದರು. ಇವರು ಸುಳ್ಳುಗಾರರೆಂದು ನಾವು ತಿಳಿಯುವುದಿಲ್ಲ. ಒಗ್ಗರಣೆಗೆ ಬಿದ್ದ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕಿಲೊಕ್ಯಾಲೊರಿ ಅಡಗಿದೆಯೆಂದು ಯಾರು ಎಣಿಸುತ್ತಾರೆ? ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯಿಂದಲೇ 160 ಕಿಲೊಕ್ಯಾಲೊರಿ. 70 ಕಿಲೋಗ್ರಾಂ ತೂಕದವರು ಅದನ್ನು ತೀರಿಸಲು ಮೂರು ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ಆದುದರಿಂದ ನಾವು ಒಂದು ನೋಟುಪುಸ್ತಕ ಕೊಟ್ಟು ಹದಿನೈದು ದಿನ ಬರೆಯಹೇಳುತ್ತೇವೆ, ಅಷ್ಟೆ. ಬಯ್ಯುವುದಿಲ್ಲ; ಬಯ್ದರೆ ಪುಸ್ತಕವೂ ಸುಳ್ಳು ಹೇಳತೊಡಗುತ್ತದೆ.

ವಿದ್ಯಾರ್ಥಿಗಳು ಅವಶ್ಯ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. 'ಕೊಬ್ಬು ಸುಡುವ' ಮಾತ್ರೆ, ಪುಡಿಗಳ ಬಗ್ಗೆ ನಮ್ಮನ್ನು ಗುಟ್ಟಾಗಿ ವಿಚಾರಿಸುವವರು ಹೆಚ್ಚಾಗಿ ಕಾಲೇಜಿನ ಹುಡುಗರೇ. ನಿಜವಾಗಿಯೂ ಕೊಬ್ಬು ಸುಡುವ ವಸ್ತುವೊಂದು ಉಂಟು. ಅದರ ಹೆಸರು ಡೈನೈಟ್ರೊಫೀನಾಲ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸಿಡಿಮದ್ದಿನ ಕಾರ್ಖಾನೆಗಳಲ್ಲಿ ಅದನ್ನು ಮುಟ್ಟಿ ದುಡಿದವರು ಸೊರಗಿದರು, ಜ್ವರದಿಂದ ಬೆಂದು ಸತ್ತವರೂ ಇದ್ದರು. 1933ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಇದನ್ನು ಬೊಜ್ಜಿಗೆ ಔಷಧವಾಗಿ ಬಳಸಿದರು. ಬೇಗನೆ ಒಂದು ಲಕ್ಷ ಜನ ಸೇವಿಸಿದರು.

ಅದು ಕೆಲಸ ಮಾಡುವ ಬಗೆಯನ್ನು ತಿಳಿಯಲು ಶಿವನಸಮುದ್ರವನ್ನು ನೆನೆಯಿರಿ. ಅಲ್ಲಿ 1902ರಿಂದ ಕಾವೇರಿಯ ನೀರು ಕೊಳವೆಗಳಲ್ಲಿ ಇಳಿದು ಚಕ್ರವನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುತ್ತ ಬಂದಿದೆ. ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯಗಳಲ್ಲೂ ಆಹಾರದ ಶಕ್ತಿ ಜಲಜನಕದ ಅಯಾನುಗಳನ್ನು ಪೊರೆಯ ಒಂದು ಬದಿಯಲ್ಲಿ ಒಡ್ಡುಕಟ್ಟಿ ನಿಲ್ಲಿಸುತ್ತದೆ. ಅವು ಒಂದು ಚಕ್ರದ ಮೂಲಕ ಹರಿದು ಬರುವಾಗ ದೇಹಕ್ಕೆ ಉಪಯುಕ್ತವಾದ ಶಕ್ತಿಯ ಅಣು ತಯಾರಾಗುತ್ತದೆ. ಡೈನೈಟ್ರೊಫೀನಾಲ್ ಈ ಒಡ್ಡನ್ನೇ ತೂತು ಮಾಡುತ್ತದೆ. ಅಯಾನುಗಳು ಸೋರಿಹೋಗುತ್ತವೆ, ಕೊಬ್ಬು ಉರಿಯುತ್ತದೆ, ಆದರೆ ಕೆಲಸವಾಗದೆ ಬರಿಯ ಶಾಖ ಹುಟ್ಟುತ್ತದೆ. ಆ ಶಾಖವನ್ನು ನಿಲ್ಲಿಸುವ ಮದ್ದೇ ಇಲ್ಲ. ಹಲವರಿಗೆ ಎಳೆ ವಯಸ್ಸಿನಲ್ಲೇ ಕಣ್ಣಿಗೆ ಪೊರೆ ಬಂತು, ಕೆಲವರು ಸತ್ತರು. 1938ರಲ್ಲಿ ಅಮೆರಿಕ ಸರ್ಕಾರ ಇದು ಮನುಷ್ಯರ ಸೇವನೆಗೆ ತಕ್ಕುದಲ್ಲವೆಂದು ಸಾರಿತು. ಆದರೂ ಇದು ಈಗಲೂ ಕದ್ದು ಮಾರಾಟವಾಗಿ ತರುಣರನ್ನು ಕೊಲ್ಲುತ್ತಿದೆ. ಬ್ರಿಟನ್ 2023ರಲ್ಲಿ ಇದನ್ನು ವಿಷಗಳ ಪಟ್ಟಿಗೆ ಸೇರಿಸಿತು. ಹೆಸರಿಲ್ಲದ ಹಳದಿ ಪುಡಿಯನ್ನು ಯಾರಾದರೂ ಸ್ನೇಹದಿಂದ ಕೊಟ್ಟರೆ ಇಷ್ಟನ್ನು ನೆನಪಿಟ್ಟುಕೊಳ್ಳಿರಿ.

ಸಣಕಲರಿಗೆ ಇದೆಲ್ಲ ಬೇಡವೆಂದೂ ಅಲ್ಲ. ಪುಣೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ತಮ್ಮ ಚಿತ್ರವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರಿಗೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್‌ರಿಗೆ ನೂರಕ್ಕೆ 9.1, ಯಾಜ್ಞಿಕ್‌ರಿಗೆ 21.2. ತೂಕದ ಯಂತ್ರ ಒಂದೇ ಮಾತು ಹೇಳಿದರೂ ಭಾರತೀಯ ದೇಹ ಹೆಚ್ಚು ಕೊಬ್ಬನ್ನು ಬಚ್ಚಿಟ್ಟಿರಬಲ್ಲದು. ಅದಕ್ಕಾಗಿಯೇ ನಾವು ಸೊಂಟಕ್ಕೆ ಟೇಪು ಹಿಡಿಯುವುದು: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಮೊದಲು ವೈದ್ಯರ ಬಳಿ ರಕ್ತಪರೀಕ್ಷೆಗೆ ಕಳಿಸುತ್ತೇವೆ. ಇನ್ನೂ ಬೆಳೆಯುತ್ತಿರುವ ಹುಡುಗ ಹುಡುಗಿಯರಿಗೆ ಆಟ, ಸಾಮು ಕಲಿಸುತ್ತೇವೆ. ಊಟ ಕಡಮೆ ಮಾಡಿಸುವುದಿಲ್ಲ.

ಆ ಗುಮಾಸ್ತರು ಎರಡು ವರ್ಷ ಬಿಟ್ಟು ಮತ್ತೆ ನಮ್ಮಲ್ಲಿಗೇ ಬಂದರು. ಏಕೆ ಬಂದರೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಈ ಸಲ 91ರಿಂದ 82ಕ್ಕೆ ಇಳಿಯಲು ಹದಿಮೂರು ತಿಂಗಳು ಹಿಡಿಯಿತು. ಮಧ್ಯೆ ಎರಡು ತಿಂಗಳು ಮುಳ್ಳು ಕದಲಲೇ ಇಲ್ಲ. ಸೊಂಟ 104 ಸೆಂಟಿಮೀಟರಿನಿಂದ 94ಕ್ಕೆ ಬಂತು. ಇನ್ನೂ ನಾಲ್ಕು ಸೆಂಟಿಮೀಟರು ಬಾಕಿ ಇದೆ. ಮಂಗಳವಾರ, ಗುರುವಾರ, ಶನಿವಾರ ಕಚೇರಿ ಬಿಟ್ಟ ಮೇಲೆ ಬರುತ್ತಾರೆ. ಅಂದು ಕೈಸೋತ ಡಂಬೆಲ್ಲಿಗಿಂತ ಎರಡು ಪಟ್ಟು ಭಾರದ್ದನ್ನು ಈಗ ಎತ್ತುತ್ತಾರೆ.