ಲಿವರ್ ಕಸಿಯಾದ ಮೇಲೆ ಸಕ್ಕರೆ, ಬಿಪಿ, ಕೊಬ್ಬು ಏಕೆ ಏರುತ್ತವೆ?



ಲಿವರ್ ಕಸಿ ಎಂದರೆ ಮನೆಯವರೆಲ್ಲರ ಗಮನ ಶಸ್ತ್ರಚಿಕಿತ್ಸೆಯ ಮೇಲೆಯೇ ಇರುತ್ತದೆ. ದಾನಿ ಸಿಗಬೇಕು, ಹಣ ಹೊಂದಿಸಬೇಕು, ಊರು ಬಿಟ್ಟು ಬೆಂಗಳೂರು, ಪುಣೆ, ಹೈದರಾಬಾದ್, ಕೊಚ್ಚಿಯಂಥ ಕಡೆ ವಾರಗಟ್ಟಲೆ ಉಳಿಯಬೇಕು. ಇದೆಲ್ಲ ಮುಗಿದು, ಕಾಮಾಲೆ ಇಳಿದು, ರೋಗಿ ಮನೆಗೆ ಬಂದ ಮೇಲೆ ಶುರುವಾಗುವ ಕೆಲಸದ ಬಗ್ಗೆ ಮಾತು ಕಡಿಮೆ. ಮೊದಲ ವರ್ಷ ದಾಟಿದವರ ಜೀವಕ್ಕೆ ಮುಂದೆ ಕುತ್ತು ತರುವುದು ಹಲವು ಸಲ ಲಿವರ್ ಅಲ್ಲ. ಹೃದ್ರೋಗ, ಕಿಡ್ನಿ ತೊಂದರೆ, ಸೋಂಕು, ಕ್ಯಾನ್ಸರ್. ಇವುಗಳಲ್ಲಿ ಹೃದಯಕ್ಕೂ ಕಿಡ್ನಿಗೂ ಪೆಟ್ಟು ಕೊಡುವ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಮತ್ತು ತೂಕದ ವಿಚಾರವನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಕಾರಣ ಎಲ್ಲಿದೆ?

ಬೇರೊಬ್ಬರ ಅಂಗವನ್ನು ನಮ್ಮ ದೇಹ ಪರಕೀಯವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಅದನ್ನು ತಡೆಯಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಬೇಕು. ಇಂದು ಹೆಚ್ಚಿನವರು ತೆಗೆದುಕೊಳ್ಳುವುದು ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧ ಇದು. ಇದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುವುದನ್ನು ಕಡಿಮೆ ಮಾಡುತ್ತದೆ. ಜೊತೆಗೆ ಕೊಡುವ ಸ್ಟೀರಾಯ್ಡ್, ಇರುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ಮಾಡುತ್ತದೆ. ಹೀಗಾಗಿ ಹಿಂದೆ ಸಕ್ಕರೆ ಕಾಯಿಲೆ ಇಲ್ಲದವರಿಗೂ ಕಸಿಯ ನಂತರ ಅದು ಬರಬಹುದು.

ಟ್ಯಾಕ್ರೋಲಿಮಸ್ ಕಿಡ್ನಿಯ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ, ಉಪ್ಪಿನಂಶವನ್ನು ದೇಹದಲ್ಲಿ ಉಳಿಸುತ್ತದೆ, ಬಿಪಿ ಏರುತ್ತದೆ. ಸ್ಟೀರಾಯ್ಡ್, ಸೈಕ್ಲೋಸ್ಪೊರಿನ್, ಸಿರೊಲಿಮಸ್ ರಕ್ತದ ಕೊಬ್ಬನ್ನು ಹೆಚ್ಚಿಸುತ್ತವೆ. ಹಾಗೆಂದು ಮಾತ್ರೆ ಬಿಡುವಂತಿಲ್ಲ. ಬಿಟ್ಟರೆ ಹೊಸ ಲಿವರನ್ನೇ ಕಳೆದುಕೊಳ್ಳಬೇಕಾದೀತು. ಪ್ರಮಾಣ ಇಳಿಸುವುದು, ಸ್ಟೀರಾಯ್ಡ್ ನಿಲ್ಲಿಸುವುದು ವೈದ್ಯರ ತೀರ್ಮಾನ.

"ಸೊರಗಿದ್ದಾನೆ, ಚೆನ್ನಾಗಿ ತಿನ್ನಲಿ"

ಲಿವರ್ ಕೆಟ್ಟಾಗ ಹಸಿವು ಸತ್ತು ಮಾಂಸಖಂಡ ಕರಗಿರುತ್ತದೆ. ಕಸಿಯಾದ ಮೇಲೆ ಹಸಿವು ಮರಳುತ್ತದೆ, ಸ್ಟೀರಾಯ್ಡ್ ಅದನ್ನು ಇನ್ನಷ್ಟು ಕೆರಳಿಸುತ್ತದೆ. ಬಂಧುಗಳು ಪ್ರೀತಿಯಿಂದ ತುಪ್ಪ, ಸಿಹಿ ಬಡಿಸುತ್ತಾರೆ. ಮೊದಲ ಒಂದೆರಡು ವರ್ಷದಲ್ಲಿ ಏರುವ ತೂಕ ಹೆಚ್ಚಾಗಿ ಕೊಬ್ಬು, ಮಾಂಸಖಂಡವಲ್ಲ. ಕೊಬ್ಬು ತುಂಬಿಯೇ ಹಳೆಯ ಲಿವರ್ ಕೆಟ್ಟಿದ್ದರೆ, ಹೊಸದರಲ್ಲೂ ಅದೇ ಕಾಯಿಲೆ ಮತ್ತೆ ಕಾಣಿಸಬಹುದು.

ಏನು ಪರೀಕ್ಷಿಸಬೇಕು?

• ಸಕ್ಕರೆ: ಬೆಳಿಗ್ಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದ್ದು, ಮಧ್ಯಾಹ್ನ ಊಟದ ನಂತರ ಏರಿರಬಹುದು. ಆದ್ದರಿಂದ ಮಧ್ಯಾಹ್ನ, ಸಂಜೆಯೂ ನೋಡಿಸಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮೊದಲ ಕೆಲವು ತಿಂಗಳು ನಂಬಿಕೆಗೆ ಅರ್ಹವಲ್ಲ. ರಕ್ತಹೀನತೆ, ರಕ್ತ ಏರಿಸಿದ್ದು ಅಂಕಿಯನ್ನು ಬದಲಿಸುತ್ತವೆ.
• ಬಿಪಿ: ಸಾಮಾನ್ಯ ಗುರಿ 130/80ಕ್ಕಿಂತ ಕಡಿಮೆ.
• ಕೊಲೆಸ್ಟರಾಲ್, ಕ್ರಿಯಾಟಿನಿನ್, ಮೂತ್ರದ ಪ್ರೊಟೀನ್.
• ಸೊಂಟದ ಸುತ್ತಳತೆ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ.

ಸಕ್ಕರೆ, ಬಿಪಿಯನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ನೋಡಿಸಿ, ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಕಸಿ ವೈದ್ಯರಿಗೆ ತೋರಿಸಬಹುದು.

ಅಡುಗೆಮನೆಯಲ್ಲಿ

ಅಕ್ಕಲಕೋಟೆಯ ಜೋಳದ ರೊಟ್ಟಿ, ಮಡಕಶಿರದ ರಾಗಿಮುದ್ದೆ, ಕಾಸರಗೋಡಿನ ಕುಚಲಕ್ಕಿ ಗಂಜಿ ಯಾವುದನ್ನೂ ಬಿಡಬೇಕಿಲ್ಲ. ಅಳತೆ ಮುಖ್ಯ. ರಾಗಿ, ಜೋಳವೆಂದು ಎರಡು ಪಾಲು ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ತಟ್ಟೆಯ ಅರ್ಧ ಬೇಯಿಸಿದ ತರಕಾರಿ, ಸೊಪ್ಪು ಇರಲಿ. ಬೇಳೆ, ಮೊಟ್ಟೆ ಅಥವಾ ಮೀನು ಜೊತೆಗಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆಯಾಗಲಿ. ವೈದ್ಯರು ಒಪ್ಪಿದ ಮೇಲೆ ದಿನಾ ಅರ್ಧ ಗಂಟೆ ನಡೆಯಿರಿ. ಮದ್ಯ, ತಂಬಾಕು ಬೇಡವೇ ಬೇಡ.

ಇವುಗಳಲ್ಲಿ ಎಚ್ಚರ

ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಅಂಶವನ್ನು ರಕ್ತದಲ್ಲಿ ಅಪಾಯಕಾರಿಯಾಗಿ ಏರಿಸಬಲ್ಲದು. ಬಿಪಿಯ ಡಿಲ್ಟಿಯಾಜೆಮ್ ಮತ್ತು ಕೆಲವು ಆ್ಯಂಟಿಬಯೊಟಿಕ್‌ಗಳೂ ಹಾಗೆಯೇ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಕಿಡ್ನಿಗೆ ಪೆಟ್ಟು. ರೋಗನಿರೋಧಕ ಶಕ್ತಿ ಹೆಚ್ಚಲೆಂದು ಅಮೃತಬಳ್ಳಿ ಕಷಾಯ ಕುಡಿಸಬೇಡಿ. ನಾವು ತಗ್ಗಿಸಲು ಹೊರಟಿರುವುದು ಆ ಶಕ್ತಿಯನ್ನೇ, ಮೇಲಾಗಿ ಅದರಿಂದ ಲಿವರಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಟ್ಯಾಕ್ರೋಲಿಮಸ್‌ನ ಕಂಪನಿಯನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ.

ಗಡಿಯೂರಿನ ನಮಗೆ ಇನ್ನೊಂದು ತೊಡಕಿದೆ. ಕಸಿ ಮಾಡಿದವರು ಒಂದು ರಾಜ್ಯದಲ್ಲಿ, ಜ್ವರಕ್ಕೆ ಮದ್ದು ಕೊಡುವವರು ಇನ್ನೊಂದು ರಾಜ್ಯದಲ್ಲಿ. ಮಾತು ಮಲಯಾಳವೋ ತಮಿಳೋ ತೆಲುಗೋ ಮರಾಠಿಯೋ. ಆದ್ದರಿಂದ ಈಗಿನ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಬರೆದ ಚೀಟಿ ಮತ್ತು ಡಿಸ್ಚಾರ್ಜ್ ಪತ್ರದ ಪ್ರತಿ ಸದಾ ಜೇಬಿನಲ್ಲಿರಲಿ. ಆ ಊರಿನ ಭಾಷೆ ಬಲ್ಲ ಸದಸ್ಯರು ಮೊದಲ ಕೆಲವು ತಪಾಸಣೆಗಳಿಗೆ ಜೊತೆಗೆ ಹೋದರೆ ಅದೇ ದೊಡ್ಡ ಸಹಾಯ. ಈ ಬರಹವನ್ನು ರೋಗಿಯ ಜೊತೆಗೆ ಮನೆಯಲ್ಲಿ ಅಡುಗೆ ಮಾಡುವವರಿಗೂ ಓದಿ ಹೇಳಿ.