ಕಾಯುವ ಹಾಲು, ಕಾಯದ ಹಾಲು

ಆ ಅಂಗಡಿಗೆ ಎರಡು ಬಾಯಿ. ರಸ್ತೆ ಕಡೆಗೊಂದು ಕಿಟಕಿ. ಅಲ್ಲಿ ಸಾಫ್ಟ್ ಸರ್ವ್ ಐಸ್‌ಕ್ರೀಮು. ಪಕ್ಕದಲ್ಲೇ ಬಾಗಿಲು, ತಳ್ಳಿಕೊಂಡು ಒಳಗೆ ಹೋದರೆ ಏಳೆಂಟು ಮೇಜು, ಉದ್ದನೆಯ ಗಾಜಿನ ಕಪಾಟು, ಕಪಾಟಿನ ತುಂಬ ಚೀಸು. ಕಿಟಕಿಯ ಮುಂದಿನ ಸಾಲಿನಲ್ಲಿ ಮಕ್ಕಳು, ಸೈಕಲ್ಲು, ನಾಯಿಗಳು, ಜೇಬಿನಲ್ಲಿ ಚಿಲ್ಲರೆ ತಡಕುವ ಅಪ್ಪಂದಿರು. ಒಳಗೆ ಕೂತವರ ಮುಂದೆ ಒಂದೊಂದು ಮರದ ಹಲಗೆ, ಒಂದೊಂದು ಗ್ಲಾಸು. ಏಳುವ ಅವಸರ ಅವರಲ್ಲಿ ಒಬ್ಬರಿಗೂ ಇದ್ದಂತಿಲ್ಲ. ಎರಡೂ ಕಡೆ ಬಿಕರಿಯಾಗುತ್ತಿರುವುದು ಹಾಲೇ. ಒಂದು ಕಡೆಯದು ಐದು ನಿಮಿಷ ಬಿಟ್ಟರೆ ಮೊಣಕೈಗೆ ಸೋರುವಂಥದ್ದು. ಇನ್ನೊಂದು ಕಡೆಯದು ವರ್ಷ ತುಂಬಿದ್ದು.

ಊರು ಮಾಂಟ್‌ಪೀಲಿಯರ್. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದ ರಾಜಧಾನಿ. ರಾಜಧಾನಿ ಎಂದಾಕ್ಷಣ ವಿಧಾನಸೌಧದ ಮುಂದಿನ ಟ್ರಾಫಿಕ್ ಕಣ್ಣಿಗೆ ಕಟ್ಟುವ ನಮ್ಮಂಥವರಿಗೆ ಇದೊಂದು ತಮಾಷೆ. ಇಡೀ ಊರಿಗೆ ಎಂಟು ಸಾವಿರ ಜನ. ಆ ದೇಶದ ಐವತ್ತು ರಾಜಧಾನಿಗಳಲ್ಲಿ ಇಷ್ಟು ಕಡಿಮೆ ಜನರಿರುವುದು ಇನ್ನೊಂದಿಲ್ಲ. ಮ್ಯಾಕ್‌ಡೊನಾಲ್ಡ್ಸ್ ಇಲ್ಲದ ರಾಜಧಾನಿಯೂ ಇದೊಂದೇ. ಶಾಸನಸಭೆಯ ಚಿನ್ನದ ಗುಮ್ಮಟದ ತುದಿಯಲ್ಲಿ ಕತ್ತಿ ಹಿರಿದ ಸೇನಾಪತಿಯ ಬದಲು ಕೃಷಿದೇವತೆ ನಿಂತಿದ್ದಾಳೆ. ಮರದ ಮೂರ್ತಿ. ಹಳೆಯದು ಲಡ್ಡಾದ ಮೇಲೆ 2018ರಲ್ಲಿ ಹೊಸದನ್ನು ಕೆತ್ತಿಸಿ ಏರಿಸಿದರು. 1968ರಿಂದ ಈ ರಾಜ್ಯದಲ್ಲಿ ರಸ್ತೆಬದಿಯ ದೊಡ್ಡ ಜಾಹೀರಾತು ಫಲಕಗಳಿಗೆ ನಿಷೇಧ. ಹಾಗಾಗಿ ನಮ್ಮ ಅಂಗಡಿಯ ಗುರುತೆಂದರೆ ಬಾಗಿಲ ಬಳಿ ಒರಗಿಸಿಟ್ಟ ಒಂದು ಕರಿಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಹಸು. ಯಾರು ಬರೆದರೋ, ಹಸುವಿಗೆ ಐದು ಕಾಲಿದ್ದಂತೆ ಕಾಣುತ್ತದೆ.

ಸೆಪ್ಟೆಂಬರಿನ ಕೊನೆಯ ಶನಿವಾರ. ಮೇಪಲ್ ಮರಗಳ ನೆತ್ತಿ ಕೆಂಪಾಗತೊಡಗಿದೆ. ಎಲೆಯ ಬಣ್ಣ ನೋಡಲೆಂದೇ ಬಾಸ್ಟನ್ ಕಡೆಯಿಂದ ಕಾರುಗಳು ಬಂದಿಳಿಯುವ ಕಾಲ. ಆ ಕಾರುಗಳಲ್ಲಿ ಒಂದರಿಂದ ‘ಅಮ್ಮಾ, ಸ್ವೆಟರ್ ಹಾಕ್ಕೋ’ ಎಂಬ ಅಪ್ಪಟ ಮೈಸೂರು ದನಿ ಕೇಳಿದರೆ ಯಾರೂ ಬೆಚ್ಚಿಬೀಳಬೇಕಿಲ್ಲ. ಬೆಳಗಿನ ರೈತ ಸಂತೆ ಮುಗಿಸಿ ಬಂದವರ ಚೀಲಗಳಿಂದ ಸೊಪ್ಪು ಇಣುಕುತ್ತಿದೆ. ಗಾಳಿಯಲ್ಲಿ ಚಳಿಯ ಮೊದಲ ಮೊನೆ. ಆದರೂ ಐಸ್‌ಕ್ರೀಮಿನ ಸಾಲು ಕರಗಿಲ್ಲ. ಇನ್ನೆರಡು ಮೂರು ವಾರಕ್ಕೆ ಕಿಟಕಿ ಮುಚ್ಚಿದರೆ ಮತ್ತೆ ತೆರೆಯುವುದು ವಸಂತಕ್ಕೇ ಎಂದು ಊರವರಿಗೆ ಗೊತ್ತು.

ಇಲ್ಲಿಯವರು ಅದನ್ನು ಸಾಫ್ಟ್ ಸರ್ವ್ ಎನ್ನುವುದಿಲ್ಲ, ‘ಕ್ರೀಮೀ’ ಎನ್ನುತ್ತಾರೆ. ‘ಮೇಪಲ್ ಕ್ರೀಮೀ, ಚಿಕ್ಕದು’ ಎಂದರೆ ಸಾಕು. ಕಿಟಕಿಯೊಳಗಿನ ಹುಡುಗಿಗೆ ಹದಿನೇಳು ಇರಬಹುದು. ತಲೆಗೆ ಬೇಸ್‌ಬಾಲ್ ಟೋಪಿ, ಮೊಣಕೈವರೆಗೆ ಮಡಚಿದ ಅಂಗಿ. ಅವಳು ಕೋನನ್ನು ನಳಿಗೆಯ ಕೆಳಗೆ ಹಿಡಿದು ಹಿಡಿಕೆ ಎಳೆಯುತ್ತಾಳೆ. ನಳಿಗೆಯ ತೂತು ಚಕ್ಕುಲಿ ಒರಳಿನ ಬಿಲ್ಲೆಯ ಹಾಗೆ ನಕ್ಷತ್ರದಾಕಾರ. ಅದರಿಂದ ಕಂದು ಛಾಯೆಯ ಏಣೇಣಿನ ಹಗ್ಗವೊಂದು ಇಳಿಯತೊಡಗುತ್ತದೆ. ಕೈ ಹೆಚ್ಚು ಆಡುವುದಿಲ್ಲ, ಮಣಿಕಟ್ಟು ಮಾತ್ರ ಸುತ್ತುತ್ತದೆ. ಮೊದಲ ಸುತ್ತು ಕೋನಿನ ಅಂಚಿಗೆ ಗಟ್ಟಿಯಾಗಿ ಒತ್ತಿ ಕೂರಬೇಕು, ಇಲ್ಲದಿದ್ದರೆ ಇಡೀ ಗೋಪುರ ಮಗುವಿನ ಶೂ ಮೇಲೆ. ಎರಡನೆಯದು ಸ್ವಲ್ಪ ಒಳಗೆ, ಮೂರನೆಯದು ಇನ್ನೂ ಒಳಗೆ. ಹಿಡಿಕೆ ಬಿಟ್ಟ ಮೇಲೂ ಅರೆಕ್ಷಣ ಹಾಲು ಇಳಿಯುತ್ತದಲ್ಲ, ಆಗ ಕೋನನ್ನು ಚಕ್ಕನೆ ಕೆಳಕ್ಕೆ ಎಳೆಯಬೇಕು. ತುದಿ ಕೊಕ್ಕಿನಂತೆ ಬಾಗುವುದು ಆ ಒಂದು ಎಳೆತದಿಂದ. ಕೊಕ್ಕು ಬಾರದಿದ್ದರೆ ಚಿಕ್ಕ ಗಿರಾಕಿಗಳು ಒಪ್ಪುವುದಿಲ್ಲ. ‘ಇದಕ್ಕೆ ಮೂಗಿಲ್ಲ’ ಎಂದು ಒಬ್ಬ ಪೋರ ತಕರಾರು ತೆಗೆದ; ಅವಳು ಒಂದಿಷ್ಟು ಮೇಲೆ ಹಾಕಿ ಮೂಗು ಮಾಡಿಕೊಟ್ಟಳು.

ಈ ತಿನಿಸಿನ ಗುಟ್ಟೆಲ್ಲ ಅವಳ ಬೆನ್ನ ಹಿಂದಿನ ಉಕ್ಕಿನ ಪೆಟ್ಟಿಗೆಯಲ್ಲಿದೆ. ಅದರ ತಲೆಯ ಮೇಲೆ ತೊಟ್ಟಿ. ತೊಟ್ಟಿಯಲ್ಲಿ ಹಾಲು, ಕೆನೆ, ಮೇಪಲ್ ಪಾಕ. ಅದು ಬೇಕಾದಷ್ಟೇ ಕೆಳಗಿನ ತಣ್ಣನೆಯ ಉರುಳೆಗೆ ಇಳಿಯುತ್ತದೆ. ಉರುಳೆಯ ಒಳಗೋಡೆಗೆ ತೆಳ್ಳಗೆ ಹಿಮ ಕಟ್ಟುವುದೇ ತಡ, ತಿರುಗುವ ಅಲಗು ಅದನ್ನು ಕೆರೆದು ಹಾಕುತ್ತದೆ. ಕಟ್ಟುವುದು, ಕೆರೆಯುವುದು, ಜೊತೆಗೆ ಗಾಳಿ ಬೆರೆಸುವುದು. ಹರಳು ದಪ್ಪಗಾಗಲು ಪುರುಸೊತ್ತೇ ಇಲ್ಲ; ನಾಲಿಗೆಗೆ ಅದು ನಯವೆನಿಸುವುದು ಅದಕ್ಕೇ. ನಳಿಗೆಯಿಂದ ಹೊರಬರುವಾಗ ಸೊನ್ನೆಗಿಂತ ಐದಾರು ಡಿಗ್ರಿಯಷ್ಟೇ ಕೆಳಗಿರುತ್ತದೆ. ಡಬ್ಬಿಯ ಐಸ್‌ಕ್ರೀಮು ಮಲಗಿರುವುದು ಮೈನಸ್ ಹದಿನೆಂಟರಲ್ಲಿ. ಅಷ್ಟು ಕೊರೆಯದ ಕಾರಣ ಇದು ನಾಲಿಗೆಯನ್ನು ಮರಗಟ್ಟಿಸದೆ ನೇರ ರುಚಿಗೇ ಬರುತ್ತದೆ. ಅದೇ ಕಾರಣಕ್ಕೆ ಬಾಳಿಕೆಯೂ ಇಲ್ಲ. ಮನೆಗೆ ಕಟ್ಟಿಸಿಕೊಂಡು ಹೋಗುವ ಮಾತೇ ಬೇಡ, ಬೀದಿ ದಾಟುವುದರೊಳಗೆ ಮುಗಿಸಬೇಕು.

ಬೇಗ ಕರಗುವುದೇ ಒಂದು ಗುಣ ಎಂದು ಜನಕ್ಕೆ ತೋರಿಸಿಕೊಟ್ಟಿದ್ದು ಒಂದು ಪಂಕ್ಚರ್. 1934ರಲ್ಲಿ ಟಾಮ್ ಕಾರ್ವೆಲ್ ಎಂಬಾತನ ಐಸ್‌ಕ್ರೀಮ್ ಗಾಡಿಯ ಚಕ್ರ ನ್ಯೂಯಾರ್ಕ್ ರಾಜ್ಯದ ಹಾರ್ಟ್ಸ್‌ಡೇಲ್‌ನಲ್ಲಿ ಕೈಕೊಟ್ಟಿತು. ಕರಗುತ್ತಿದ್ದ ಸರಕನ್ನು ಆತ ನಿಂತಲ್ಲೇ ಮಾರಲು ಕೂತ. ಜನಕ್ಕೆ ಆ ಮೆತ್ತನೆಯದೇ ಹಿಡಿಸಿತು. ನಾಲ್ಕು ವರ್ಷದ ನಂತರ, 1938ರ ಆಗಸ್ಟಿನಲ್ಲಿ, ಇಲಿನಾಯ್ ರಾಜ್ಯದ ಕ್ಯಾಂಕಕೀ ಊರಿನ ಅಂಗಡಿಯೊಂದರಲ್ಲಿ ಮೆಕ್ಕಲೊ ಅಪ್ಪ-ಮಗ ಹತ್ತು ಸೆಂಟಿಗೆ ತಿಂದಷ್ಟೂ ಮೆತ್ತನೆಯ ಐಸ್‌ಕ್ರೀಮು ಎಂದು ಸಾರಿ ನೋಡಿದರು. ಎರಡು ತಾಸಿನಲ್ಲಿ 1,600 ಬಡಿಸಾಯಿತು. ಡೇರಿ ಕ್ವೀನ್ ಎಂಬ ದೈತ್ಯ ಹುಟ್ಟಿದ್ದು ಆ ನೂಕುನುಗ್ಗಲಿನಿಂದ.

ಯಂತ್ರದ ಮುನಿಸೂ ಅಷ್ಟೇ ಹಳೆಯದು. ಹಾಲು ತುಂಬಿದ ಪೆಟ್ಟಿಗೆ ಸ್ವಲ್ಪ ಅಸಡ್ಡೆಯಾದರೂ ರೋಗದ ಮನೆ. ಕೆಲವು ಮಾದರಿಗಳು ರಾತ್ರಿ ಹೊತ್ತು ತಮ್ಮೊಳಗಿನ ಹಾಲನ್ನು ತಾವೇ ಬಿಸಿ ಮಾಡಿ ಮತ್ತೆ ತಣಿಸಿಕೊಳ್ಳುತ್ತವೆ. ನಾಲ್ಕು ತಾಸಿನ ಆ ವ್ರತ ನಡುವೆ ಭಂಗವಾದರೆ ಬೆಳಿಗ್ಗೆ ಯಂತ್ರ ಮುಷ್ಕರ ಹೂಡುತ್ತದೆ. ದೊಡ್ಡ ಸರಪಳಿ ಹೋಟೆಲುಗಳಲ್ಲಿ ‘ಐಸ್‌ಕ್ರೀಮ್ ಮಷೀನ್ ಕೆಟ್ಟಿದೆ’ ಎಂಬುದು ಅಮೆರಿಕದ ರಾಷ್ಟ್ರೀಯ ನಗೆಹನಿ. ಆ ಯಂತ್ರದ ಬೀಗ ಸಾಫ್ಟ್‌ವೇರಿನದು. ಹೊರಗಿನ ರಿಪೇರಿಯವರು ಅದನ್ನು ಮುರಿದು ತೆರೆದರೆ ಕಾಪಿರೈಟ್ ಉಲ್ಲಂಘನೆಯಾಗುತ್ತಿತ್ತು. ಕಡೆಗೆ 2024ರ ಅಕ್ಟೋಬರಿನಲ್ಲಿ ಸರ್ಕಾರವೇ ಅಂಗಡಿಗಳ ಅಡುಗೆ ಯಂತ್ರಗಳ ರಿಪೇರಿಗೆ ವಿನಾಯಿತಿ ಕೊಡಬೇಕಾಯಿತು. ನಮ್ಮ ಅಂಗಡಿಯದು ಅಂಥ ಜಾಣ ಯಂತ್ರವಲ್ಲ. ರಾತ್ರಿ ಬಿಚ್ಚಿ, ತೊಳೆದು, ರಬ್ಬರ್ ಬಳೆಗಳಿಗೆ ಜಿಡ್ಡು ಸವರಿ ಜೋಡಿಸಿದರೆ ಮರುದಿನ ನಿಯತ್ತಾಗಿ ಓಡುತ್ತದೆ.

ಮೇಪಲ್ ಪಾಕದ ಬಗ್ಗೆ ಒಂದು ಮಾತು ಹೇಳದೆ ಒಳಗೆ ಹೋಗುವಂತಿಲ್ಲ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಾರ್ಚ್ ತಿಂಗಳಲ್ಲಿ ಮರ ಕೊರೆದು ತೆಗೆಯುವ ರಸವನ್ನು ನಲವತ್ತು ಲೀಟರ್ ಕುದಿಸಿದರೆ ಒಂದು ಲೀಟರ್ ಪಾಕ. ಅಮೆರಿಕದ ಪಾಕದಲ್ಲಿ ಅರ್ಧದಷ್ಟು ಈ ಪುಟ್ಟ ರಾಜ್ಯದ್ದೇ. ಹದ ಮುಟ್ಟಿದ ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು ಎಳೆ ತೆಗೆದು ತಿನ್ನುತ್ತಾರೆ. ಜೊತೆಗೆ ನಂಜಿಕೊಳ್ಳಲು ಹುಳಿ ಸೌತೆಕಾಯಿ ಉಪ್ಪಿನಕಾಯಿ! ಸಿಹಿ ಜಾಸ್ತಿಯಾದಾಗ ಬಾಯಿ ತೊಳೆಯಲು. ತೀರಾ ಒಪ್ಪುವ ಮಾತು.

ಇನ್ನು ಒಳಗೆ. ಹೊರಗಿನ ಗಲಾಟೆ ಬಾಗಿಲು ಮುಚ್ಚುತ್ತಲೇ ಅರ್ಧಕ್ಕಿಳಿಯುತ್ತದೆ. ಅದರ ಜಾಗಕ್ಕೆ ವಾಸನೆ ಬರುತ್ತದೆ. ಮಳೆಗಾಲದ ಉಗ್ರಾಣದ ವಾಸನೆ: ಒದ್ದೆ ಮರ, ಅಣಬೆ, ಹುಲ್ಲು, ಎಲ್ಲೋ ಒಂದಿಷ್ಟು ಬೂಷ್ಟು. ಗೋಡೆಯ ಮೇಲೆ ಸೊಂಟದೆತ್ತರಕ್ಕೊಂದು ಪೆನ್ಸಿಲ್ ಗೆರೆ ಇದೆ. 2023ರ ಜುಲೈನಲ್ಲಿ ವಿನೂಸ್ಕಿ ನದಿ ಊರಿನ ನಡುಬೀದಿಗೆ ನುಗ್ಗಿದಾಗ ನೀರು ನಿಂತ ಮಟ್ಟ ಅದು. ಆ ವಾರ ಊರಿನ ನೆಲಮಾಳಿಗೆಗಳೆಲ್ಲ ಕೆಸರಿನ ಬಾವಿ. ಈಗ ಇಲ್ಲಿ ನೆಲಮಾಳಿಗೆಯಲ್ಲಿ ಯಾವ ಫ್ರಿಜ್ಜನ್ನೂ ಇಡುವುದಿಲ್ಲ.

ಕಪಾಟಿನ ಹಿಂದೆ ಅಂಗಡಿಯ ಒಡತಿ. ತಂತಿಯಿಂದ ಚೀಸು ಕೊಯ್ಯುವ ಕೈ ಅವಳದು. ಮಾತೂ ಅಷ್ಟೇ ತೆಳ್ಳಗೆ, ನೇರ. ಹಲಗೆಗೆ ಇಪ್ಪತ್ತು ಡಾಲರಿನ ಆಚೀಚೆ. ಬೆಲೆ ಕೇಳಿ ನಮ್ಮ ಕಡೆಯವರು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ನಿಟ್ಟುಸಿರಿಡುವುದುಂಟು. ಬರುವುದು ಇಷ್ಟು: ನಾಲ್ಕು ಬಗೆ ಚೀಸು, ಸೇಬಿನ ಹೋಳು, ಜೇನು, ಬಾದಾಮಿ, ಕಿರುಬೆರಳಿನಷ್ಟು ಸೌತೆಯ ಉಪ್ಪಿನಕಾಯಿ, ಸುಟ್ಟ ಬ್ರೆಡ್ಡು. ಗಡಿಯಾರದ ಮುಳ್ಳಿನಂತೆ ಮೃದುವಿನಿಂದ ಖಾರದ ಕಡೆಗೆ ಸುತ್ತು ಬರಬೇಕು ಎಂಬುದು ಒಡತಿಯ ಕಟ್ಟಪ್ಪಣೆ. ನೀಲಿ ಚೀಸನ್ನು ಮೊದಲೇ ತಿಂದವರ ಬಾಯಿಗೆ ಮಿಕ್ಕದ್ದೆಲ್ಲ ಸಪ್ಪೆ.

ಹಲಗೆಯ ರಾಣಿ ಹಾರ್ಬಿಸನ್. ಅಂಗೈಯಗಲದ ಬಿಳಿ ಬಿಲ್ಲೆ, ನಡುವಿಗೆ ಸ್ಪ್ರೂಸ್ ಮರದ ಒಳತೊಗಟೆಯ ಪಟ್ಟಿ. ಪಟ್ಟಿ ಶೋಕಿಗಲ್ಲ, ಬಿಚ್ಚಿದರೆ ಒಳಗಿನದು ಹಲಗೆ ತುಂಬ ಹರಿದುಬಿಡುತ್ತದೆ. ಇದನ್ನು ಕೊಯ್ಯುವಂತಿಲ್ಲ. ಮೇಲಿನ ಬೂದುಬಿಳಿ ಪೊರೆಯನ್ನು ಚಾಕುವಿನ ತುದಿಯಿಂದ ಸುತ್ತ ಗೀರಿ ಮುಚ್ಚಳದಂತೆ ಎತ್ತಬೇಕು. ಪೊರೆ ಮೊದಲು ಬಿಗಿಯುತ್ತದೆ, ಆಮೇಲೆ ಎಳೆ ಎಳೆಯಾಗಿ ಬಿಟ್ಟುಕೊಡುತ್ತದೆ. ಕೆಳಗೆ ಬೆಣ್ಣೆ ಬಣ್ಣದ ಹೊಳೆಯುವ ಮಡು. ಚಮಚ ಇಳಿಸಿದರೆ ತಾನೇ ಕೂಡಿಕೊಳ್ಳುತ್ತದೆ. ಮೊದಲು ಕೆನೆ, ಆಮೇಲೆ ಸಾಸಿವೆಯ ಘಾಟು, ನುಂಗಿದ ಮೇಲೆ ಕಾಡಿನ ತೊಗಟೆಯ ಒಗರು. ಮಾಡುವವರು ಇಲ್ಲಿಂದ ಉತ್ತರಕ್ಕಿರುವ ಗ್ರೀನ್ಸ್‌ಬರೊ ಹಳ್ಳಿಯ ಜಾಸ್ಪರ್ ಹಿಲ್‌ನವರು; ಹೆಸರು ಆ ಹಳ್ಳಿಯ ಹಿರಿಯಜ್ಜಿ ಆ್ಯನ್ ಹಾರ್ಬಿಸನ್ ಅವರದು.

ಅದೇ ಹಳ್ಳಿಯ ಇನ್ನೊಂದು ಚೀಸು ‘ಬೇಲಿ ಹೇಜನ್ ಬ್ಲೂ’. ಕೊಯ್ದ ಮೈಯಲ್ಲಿ ನೀಲಿ-ಹಸಿರು ನರಗಳು. ಹೆಸರು ಒಂದು ರಸ್ತೆಯದು: ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಕೆನಡಾದ ಮೇಲೆ ದಂಡೆತ್ತಿ ಹೋಗಲೆಂದು 1776ರಲ್ಲಿ ಕಡಿಯತೊಡಗಿದ ಕಾಡುದಾರಿ. ಇದೇ ದಾರಿಯಲ್ಲಿ ಶತ್ರುವೇ ಇಳಿದು ಬಂದರೆ ಎಂಬ ದಿಗಿಲಿಗೆ ಕೆಲಸ ಅರ್ಧಕ್ಕೇ ನಿಂತಿತು. ಯುದ್ಧಕ್ಕೆ ಒದಗದ ರಸ್ತೆ ಚೀಸಿಗಾದರೂ ಹೆಸರು ಕೊಟ್ಟಿತು. ಇದು ಕಾಯಿಸದ ಹಾಲಿನದು. ಅಮೆರಿಕದ ಕಾನೂನಿನಲ್ಲಿ ಹಸಿ ಹಾಲಿನ ಚೀಸಿಗೆ ಕನಿಷ್ಠ ಅರವತ್ತು ದಿನದ ವನವಾಸ. ಮಾಗುವ ಮುಂಚೆ ಮಾರುವಂತಿಲ್ಲ. ಹಾರ್ಬಿಸನ್‌ಗೆ ಈ ಕಟ್ಟಳೆಯಿಲ್ಲ, ಅದರ ಹಾಲನ್ನು ಮೊದಲೇ ಕಾಯಿಸಿರುತ್ತಾರೆ.

ಮೂರನೆಯದು ಮೇಕೆ ಹಾಲಿನದು, ಬೂದಿ ಸವರಿದ್ದು. ನನಗೆ ಅಷ್ಟೇನೂ ಹಿಡಿಸಲಿಲ್ಲ. ನಾಲ್ಕನೆಯದು ಬಟ್ಟೆ ಸುತ್ತಿದ ಚೆಡರ್. ಕ್ಯಾಬಟ್ ಎಂಬ ಊರಿನಲ್ಲಿ 1919ರಲ್ಲಿ 94 ರೈತರು ಸೇರಿ, ಹಸುವೊಂದಕ್ಕೆ ಐದು ಡಾಲರ್ ಮತ್ತು ಬಾಯ್ಲರಿಗೆ ಸೌದೆ ಹಾಕಿ ಕಟ್ಟಿದ ಸಹಕಾರ ಸಂಘದ ಹೆಸರು ಇಂದಿಗೂ ಇದೆ. ಆ ಹೆಸರಿನಲ್ಲಿ ಮಾಡಿದ ಚೆಡರ್ ಗುಂಡನ್ನು ಜಾಸ್ಪರ್ ಹಿಲ್‌ನ ನೆಲಮಾಳಿಗೆಯಲ್ಲಿ ವರ್ಷದ ಹತ್ತಿರ ಮಾಗಿಸುತ್ತಾರೆ. ತಿರುಗಿಸುತ್ತಾರೆ, ಬ್ರಷ್ ಹಾಕಿ ಉಜ್ಜುತ್ತಾರೆ. ಬಾಯಿಗಿಟ್ಟರೆ ಮೊದಲು ಪುಡಿ, ಆಮೇಲೆ ಕ್ಯಾರಮೆಲ್ಲು, ಹಲ್ಲಿಗೆ ಸಿಗುವ ಸಣ್ಣ ಹರಳು.

ಪಕ್ಕದ ಮೇಜಿನಲ್ಲಿ ಅದೇ ಸ್ವೆಟರ್ ಅಮ್ಮ. ಮಗ ಹಲಗೆ ತರಿಸಿದ್ದಾನೆ. ಅಮ್ಮನ ಬೆರಳು ಒಂದನ್ನೂ ಮುಟ್ಟದೆ ಕಾದಿದೆ. ‘ಕೇಳೋ, ಇದಕ್ಕೆ ಏನು ಹಾಕಿ ಹೆಪ್ಪು ಹಾಕಿದ್ದಾರೆ?’ ಹಾಲು ಒಡೆಸುವ ರೆನೆಟ್ ಎಳೆಗರುವಿನ ಹೊಟ್ಟೆಯಿಂದ ತೆಗೆಯುವಂಥದ್ದು ಎಂಬುದು ಯಾರಿಂದಲೋ ಅವರ ಕಿವಿಗೆ ಬಿದ್ದಿದೆ. ಒಡತಿಗೆ ಈ ಪ್ರಶ್ನೆ ಹೊಸದಲ್ಲ. 1990ರಿಂದ ಪ್ರಾಣಿಯಿಲ್ಲದೆಯೇ ಹುದುಗಿಸಿ ಮಾಡುವ ರೆನೆಟ್ ಬಳಕೆಯಲ್ಲಿದೆ, ಆದರೆ ಎಲ್ಲರೂ ಅದನ್ನೇ ಹಾಕುವುದಿಲ್ಲ ಎಂದು ಬಿಡಿಸಿ ಹೇಳಿದಳು. ಚೆಡರಿನ ಬಟ್ಟೆಗೆ ಹಂದಿ ಕೊಬ್ಬು ಸವರಿರುತ್ತಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಅಮ್ಮ ಹಲಗೆಯನ್ನು ಮಗನ ಕಡೆ ತಳ್ಳಿ, ಸೇಬು, ಜೇನು, ಬಾದಾಮಿ ಇಟ್ಟುಕೊಂಡರು. ಆಮೇಲೆ ಎದ್ದು ಹೊರಗೆ ಹೋಗಿ ಕ್ರೀಮೀ ಸಾಲಿನಲ್ಲಿ ನಿಂತರು.

ಇಷ್ಟೆಲ್ಲ ಹಲಗೆಯ ಸಿರಿಗೆ ಹಿಂದೊಂದು ಬಡತನವಿದೆ. 1940ರ ದಶಕದಲ್ಲಿ ವರ್ಮಾಂಟಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೈನು ತೋಟಗಳಿದ್ದವು. ಈಗ ಐನೂರರ ಆಸುಪಾಸು. ಬರೀ ಹಾಲು ಮಾರುವವನ ದರ ಅವನ ಕೈಯಲ್ಲಿಲ್ಲ. ಜಾಸ್ಪರ್ ಹಿಲ್‌ನ ಕೇಲರ್ ಸಹೋದರರು 1998ರಲ್ಲಿ ತೋಟ ಕೊಂಡು ಚೀಸಿಗಿಳಿದದ್ದು, 2008ರಲ್ಲಿ ಗುಡ್ಡದೊಳಗೆ ಏಳು ಕಮಾನಿನ ನೆಲಮಾಳಿಗೆ ಕಟ್ಟಿ ಬೇರೆಯವರ ಚೀಸನ್ನೂ ಮಾಗಿಸತೊಡಗಿದ್ದು ಈ ಲೆಕ್ಕಾಚಾರದಿಂದಲೇ. ಕಾಯುವ ತಾಕತ್ತಿದ್ದರೆ ಹಾಲಿಗೆ ದರ ಬರುತ್ತದೆ. ಸಣ್ಣ ರೈತನ ಬಳಿ ಇಲ್ಲದ್ದು ಅದೇ.

ಸಂಜೆಯಾಗುತ್ತ ಬಂದಂತೆ ಒಳಗೆ ಸೇಬಿನ ಪೈ ಬಂತು. ಪೈ ಬಗ್ಗೆ ಇಲ್ಲಿ ಕಾನೂನೇ ಇದೆ, ತಮಾಷೆಯಲ್ಲ. 1999ರಲ್ಲಿ ಸೇಬಿನ ಪೈಯನ್ನು ರಾಜ್ಯದ ಪೈ ಎಂದು ಸಾರಿದ ಶಾಸನಸಭೆ, ಬಡಿಸುವವರು ಅದರ ಜೊತೆ ತಣ್ಣನೆಯ ಹಾಲನ್ನೋ, ಕನಿಷ್ಠ ಅರ್ಧ ಔನ್ಸಿನ ಚೆಡರ್ ಹೋಳನ್ನೋ, ದೊಡ್ಡ ಸ್ಕೂಪ್ ವೆನಿಲಾ ಐಸ್‌ಕ್ರೀಮನ್ನೋ ಕೊಡಲು ಪ್ರಾಮಾಣಿಕ ಪ್ರಯತ್ನ ಮಾಡಬೇಕು ಎಂದು ಬರೆದಿಟ್ಟಿದೆ. ಮೂಲೆ ಮೇಜಿನ ಮುದುಕನ ತಟ್ಟೆಗೆ ಪೈ ಮೇಲೆ ವೆನಿಲಾ ಕ್ರೀಮೀ ಸುರುಳಿ ಬಿದ್ದಿತ್ತು. ಆತ ಫೋರ್ಕ್ ಮುಟ್ಟಲಿಲ್ಲ.

‘ಕಾನೂನು ಹೇಳಿರುವುದು ಸ್ಕೂಪ್. ಇದು ಸುರುಳಿ.’

ಒಡತಿ ಉತ್ತರ ಕೊಡಲಿಲ್ಲ. ಚೆಡರಿನ ತುಂಡೊಂದನ್ನು ಕೊಯ್ದು ತಕ್ಕಡಿಗೆ ಹಾಕಿದಳು, ಅಂಕಿಯನ್ನು ಆತನ ಕಡೆ ತಿರುಗಿಸಿದಳು. ಹದಿನೆಂಟು ಗ್ರಾಂ. ಅರ್ಧ ಔನ್ಸಿಗೆ ಹದಿನಾಲ್ಕು ಸಾಕು.

‘ನಾಲ್ಕು ಗ್ರಾಂ ಲಂಚ’ ಎಂದ ಮುದುಕ ಚೀಸನ್ನು ಸುರುಳಿಗೆ ಸಿಕ್ಕಿಸಿ ತಿನ್ನಲು ಶುರುಮಾಡಿದ.