ಕೆಡಿಸಿ ಕಲಿಯುವ ವಿದ್ಯೆ

ಆಟವು ಪಾಠಕ್ಕೆ ಹಗೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಓದುವ ಹುಡುಗ ಆಡಬಾರದು, ಆಡುವ ಹುಡುಗ ಓದಲಾರನು ಎಂಬುದು ಮನೆಮನೆಯ ಸಿದ್ಧಾಂತ. ಹೀಗಿರುವಲ್ಲಿ, ವಿಡಿಯೊ ಆಟಗಳನ್ನು ಕಟ್ಟುವುದನ್ನೇ ಒಂದು ಸ್ನಾತಕೋತ್ತರ ವಿದ್ಯೆಯಾಗಿ ಕಲಿಸುವ ವಿಶ್ವವಿದ್ಯಾನಿಲಯಗಳಿವೆಯೆಂದರೆ ಕೆಲವರಾದರೂ ಹುಬ್ಬೇರಿಸಿಯಾರು. ಆದರೆ ಆ ವಿದ್ಯೆಯನ್ನು ಅಲ್ಲಿ ಕಲಿಯುವ ಬಗೆ ಯಾವುದೆಂದು ವಿಚಾರಿಸಿದರೆ, ಸಾಹಿತ್ಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೊಂದು ಅದರಲ್ಲಿದೆಯೆಂದು ತೋರದಿರದು.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಮನರಂಜನೆಯ ತಂತ್ರಜ್ಞಾನಕ್ಕೆಂದೇ ಒಂದು ಕೇಂದ್ರವಿದೆ. 1990ರ ದಶಕದ ಕೊನೆಯಲ್ಲಿ ಅದನ್ನು ಸ್ಥಾಪಿಸಿದವರು ಇಬ್ಬರು ಪ್ರಾಧ್ಯಾಪಕರು. ರಾಂಡಿ ಪೌಷ್ ಅವರದು ಕಂಪ್ಯೂಟರ್ ವಿಜ್ಞಾನ, ಡಾನ್ ಮರಿನೆಲಿ ಅವರದು ನಾಟಕ. ಈ ಕೇಂದ್ರದಲ್ಲಿ 2005ರಲ್ಲಿ ಕೈಲ್ ಗ್ಯಾಬ್ಲರ್ ಮತ್ತು ಆತನ ಮೂವರು ಸಹಪಾಠಿಗಳು ಒಂದು ವ್ರತವನ್ನೇ ಕೈಕೊಂಡರೆನ್ನಬಹುದು. ಅದರ ಹೆಸರು ‘ಎಕ್ಸ್‌ಪೆರಿಮೆಂಟಲ್ ಗೇಮ್‌ಪ್ಲೇ ಪ್ರಾಜೆಕ್ಟ್’. ನಿಯಮಗಳು ಮೂರೇ. ಪ್ರತಿಯೊಂದು ಆಟವೂ ಏಳು ದಿನಗಳೊಳಗೆ ಸಿದ್ಧವಾಗಬೇಕು. ಒಂದು ಆಟವನ್ನು ಒಬ್ಬನೇ ಕಟ್ಟಬೇಕು. ‘ಗುರುತ್ವಾಕರ್ಷಣ’, ‘ಸಸ್ಯ’, ‘ಹಿಂಡು’ ಎಂಬಂಥ ಒಂದೇ ವಸ್ತುವನ್ನು ನಾಲ್ವರೂ ಆಶ್ರಯಿಸಬೇಕು. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವರು ಕಟ್ಟಿದ್ದ ಆಟಗಳು ಐವತ್ತಕ್ಕೂ ಹೆಚ್ಚು.

ಏಳು ದಿನಗಳಲ್ಲಿ ಹುಟ್ಟುವುದು ಪೂರ್ಣವಾದ ಆಟವಲ್ಲ, ಆಟದ ಒಂದು ಮಾದರಿ. ಕವಿಯ ಕರಡುಪ್ರತಿ ಹೇಗೋ ಹಾಗೆ. ಅದರಲ್ಲಿ ಚಿತ್ರಗಳ ಬೆಡಗಿರುವುದಿಲ್ಲ, ಕಥೆಯ ವಿಸ್ತಾರವಿರುವುದಿಲ್ಲ. ಆದರೆ ಅದನ್ನು ಕೈಗೆತ್ತಿಕೊಂಡು ಆಡಬಹುದು. ಅದರ ಪ್ರಯೋಜನವೆಲ್ಲ ಇರುವುದು ಇಲ್ಲಿಯೇ. ಕಾಗದದ ಮೇಲೆ ಬಹು ಸೊಗಸಾಗಿ ಕಂಡ ನಾಟಕ ತಾಲೀಮಿನ ಮೊದಲ ದಿನವೇ ಸೋತು ಕುಳಿತುಬಿಡುವುದುಂಟು. ಆಟದ ಸಂಗತಿಯೂ ಅಷ್ಟೇ. ಕಲ್ಪನೆಯಲ್ಲಿ ಮನೋಹರವಾದುದು ಕೈಯಲ್ಲಿ ಬೇಸರ ತರಬಹುದು. ಕ್ಷುಲ್ಲಕವೆಂದುಕೊಂಡದ್ದು ಬಿಟ್ಟೇಳಲಾಗದಂತೆ ಹಿಡಿದು ಕೂರಿಸಬಹುದು. ಇದನ್ನು ಎರಡು ವರ್ಷ ದುಡಿದ ಮೇಲೆ ತಿಳಿಯುವುದಕ್ಕಿಂತ ಎರಡು ದಿನಗಳಲ್ಲಿ ತಿಳಿಯುವುದು ಲೇಸು.

ಈ ವಿದ್ಯಾರ್ಥಿಗಳು ತಾವು ಕಲಿತುದನ್ನು ಅದೇ ವರ್ಷ ಒಂದು ಲೇಖನದಲ್ಲಿ ವಿವರಿಸಿದರು. ಅವರ ಮುಖ್ಯ ಸೂತ್ರಗಳಲ್ಲೊಂದು, ಮೊದಲು ಆಟಿಕೆಯನ್ನು ಮಾಡು, ಆಮೇಲೆ ಆಟವನ್ನು ಮಾಡು ಎಂಬರ್ಥದ್ದು. ನಮ್ಮ ಲಗೋರಿಯನ್ನೇ ನೋಡಬಹುದು. ಚೆಂಡು, ಪಕ್ಷಗಳು, ಸೋಲುಗೆಲವಿನ ಲೆಕ್ಕ ಇವೆಲ್ಲ ಆಮೇಲಿನ ಮಾತು. ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವುದರಲ್ಲಿ, ಈಗ ಬಿದ್ದೀತೆಂದು ಉಸಿರು ಬಿಗಿಹಿಡಿಯುವುದರಲ್ಲಿ ಒಂದು ಸುಖವಿದೆ. ಆ ಸುಖವಿಲ್ಲದಿದ್ದರೆ ಎಷ್ಟು ನಿಯಮಗಳನ್ನು ಸೇರಿಸಿದರೂ ಲಗೋರಿ ಲಗೋರಿಯಾಗುತ್ತಿರಲಿಲ್ಲ. ಅಂತೆಯೇ ಅಂಕ, ಘಟ್ಟ, ಅಲಂಕಾರಗಳನ್ನು ಪಕ್ಕಕ್ಕಿಟ್ಟು, ಆಟಗಾರನು ಮತ್ತೆ ಮತ್ತೆ ಮಾಡಬೇಕಾದ ಆ ಒಂದು ಕ್ರಿಯೆಯಲ್ಲಿ ರಸವಿದೆಯೇ ಎಂದು ಮೊದಲು ನೋಡಬೇಕು. ಇಲ್ಲವೆಂದು ಕಂಡರೆ ಮರುಗದೆ ಅದನ್ನು ಬಿಟ್ಟು ಮುಂದೆ ಹೋಗಬೇಕು. ಒಳಗೆ ಹುರುಳಿಲ್ಲದುದನ್ನು ಮೇಲಿನ ಸಿಂಗಾರ ಕಾಪಾಡಲಾರದೆಂಬುದು ಅವರು ಕಂಡುಕೊಂಡ ಮತ್ತೊಂದು ಮಾತು. ಇದು ಕಾವ್ಯಕ್ಕೂ ಸಲ್ಲುವ ಮಾತೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಗ್ಯಾಬ್ಲರನ ಒಂದು ಆಟದ ಕಥೆ ಇಲ್ಲಿ ಉಲ್ಲೇಖಾರ್ಹ. ನಾಲ್ವರೂ ಒಟ್ಟಿಗೆ ಕುಳಿತು ಚರ್ಚಿಸಿ ಕಲ್ಪನೆಗಳನ್ನು ಹುಟ್ಟಿಸಲು ಮಾಡಿದ ಯತ್ನಗಳು ಫಲಿಸಲಿಲ್ಲವಂತೆ. ಒಮ್ಮೆ ಮನೆಗೆ ನಡೆದುಹೋಗುತ್ತ ಆತ ಆರ್ಜೆಂಟೀನಾದ ಸಂಗೀತಗಾರ ಆಸ್ತೋರ್ ಪಿಯಾಜೊಲನ ‘ಲಿಬರ್‌ಟ್ಯಾಂಗೊ’ವನ್ನು ಕೇಳುತ್ತಿದ್ದಾಗ ಮನಸ್ಸಿನಲ್ಲೊಂದು ಚಿತ್ರ ಮೂಡಿತು: ಸಂಜೆಯ ಹೊತ್ತು, ಕಳೆಗುಂದಿದ ಒಂದು ನಗರ, ಜನರು ಮನೆಗಳಿಂದ ಕುರ್ಚಿ ಮೇಜುಗಳನ್ನು ಹೊತ್ತು ತಂದು ನಡುವೆ ಒಂದು ಗೋಪುರವನ್ನು ಕಟ್ಟುತ್ತಿದ್ದಾರೆ, ಏರಬೇಕೆಂಬ ಆಸೆ ಅವರಿಗುಂಟು, ಕಟ್ಟುವ ಜಾಣ್ಮೆಯಿಲ್ಲ. ಈ ಚಿತ್ರದಿಂದ ಹುಟ್ಟಿದುದು ‘ಟವರ್ ಆಫ್ ಗೂ’. ಅಂಟಂಟಾದ ಪುಟ್ಟ ಉಂಡೆಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಗೋಪುರ ಎದ್ದುನಿಲ್ಲುತ್ತದೆ, ತೂಗುತ್ತದೆ, ಅಸಡ್ಡೆ ಮಾಡಿದರೆ ಕುಸಿಯುತ್ತದೆ.

ಒಂದು ವಾರದ ಈ ಮಾದರಿಯಿಂದಲೇ ಮುಂದೆ ‘ವರ್ಲ್ಡ್ ಆಫ್ ಗೂ’ ಎಂಬ ಪೂರ್ಣ ಆಟ ಬೆಳೆಯಿತು. ಗ್ಯಾಬ್ಲರ್ ತನ್ನ ಗೆಳೆಯ ರಾನ್ ಕಾರ್ಮೆಲ್‌ನೊಡನೆ ಉದ್ಯೋಗವನ್ನು ಬಿಟ್ಟು, ಕಚೇರಿಯೆಂಬುದಿಲ್ಲದೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕಾಫಿ ಅಂಗಡಿಗಳಲ್ಲಿ ಕುಳಿತು ಅದನ್ನು ರೂಪಿಸಿದ. ಆಟ ಹೊರಬಂದುದು 2008ರಲ್ಲಿ. ವಾರದ ಬೀಜ ಮರವಾಗಲು ಸುಮಾರು ಎರಡು ವರ್ಷಗಳೇ ಹಿಡಿದುವು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಪೆಟ್ರಿ ಪುರ್ಹೊ ಎಂಬ ತರುಣನೂ ತಿಂಗಳಿಗೊಂದರಂತೆ, ಏಳು ದಿನಗಳ ಮಿತಿಯೊಳಗೆ ಆಟಗಳನ್ನು ಕಟ್ಟುತ್ತ ಬಂದ. ಬಳಪದಿಂದ ಗೀಚಿದ ಆಕೃತಿಗಳಿಗೆ ತೂಕ ಬಂದು ಉರುಳುವ ‘ಕ್ರೇಯಾನ್ ಫಿಸಿಕ್ಸ್’ ಅವುಗಳಲ್ಲೊಂದು, 2007ರದು. ಅದರ ವಿಸ್ತೃತ ರೂಪಕ್ಕೆ ಮರುವರ್ಷ ಸ್ವತಂತ್ರ ಆಟಗಳ ಉತ್ಸವದ ಅತ್ಯುನ್ನತ ಬಹುಮಾನ ದೊರೆಯಿತು. ಹಾಡುತ್ತ ಹಾಡುತ್ತ ರಾಗ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಒಬ್ಬೊಬ್ಬರೇ ವಾರಗಟ್ಟಲೆ ಮಾಡಿದ ಈ ಸಾಧನೆಯನ್ನು ಹಲವರು ಕೂಡಿ ಎರಡು ಮೂರು ದಿನಗಳಲ್ಲಿ ಮಾಡಿದರೆ ಅದೇ ‘ಗೇಮ್ ಜಾಮ್’. ಜಾಸ್ ಸಂಗೀತಗಾರರು ಪೂರ್ವಸಿದ್ಧತೆಯಿಲ್ಲದೆ ಒಟ್ಟುಗೂಡಿ ನುಡಿಸುವ ಕೂಟದಿಂದ ಬಂದ ಹೆಸರಿದು. 2002ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ಕೆಲವು ಮಂದಿ ಆಟಗಾರಿಕೆಯ ಕುಶಲಿಗಳು ಇಂಥ ಕೂಟವೊಂದನ್ನು ನಡೆಸಿದ್ದರು. 2009ರ ಜನವರಿಯಲ್ಲಿ ಮೊದಲ ‘ಗ್ಲೋಬಲ್ ಗೇಮ್ ಜಾಮ್’ ನಡೆದಾಗ 23 ದೇಶಗಳ 53 ಸ್ಥಳಗಳಲ್ಲಿ 1,600ಕ್ಕೂ ಹೆಚ್ಚು ಜನರು 48 ಗಂಟೆಗಳಲ್ಲಿ ಆಟಗಳನ್ನು ಕಟ್ಟಿದರು. ಆ ಸ್ಥಳಗಳಲ್ಲಿ ವಿಶ್ವವಿದ್ಯಾನಿಲಯಗಳು ಹಲವು. ಅವರನ್ನು ಉದ್ದೇಶಿಸಿ ಆರಂಭದ ಮಾತುಗಳನ್ನಾಡಿದವನು ಅದೇ ಗ್ಯಾಬ್ಲರ್. ಆಡಬೇಕಾದ ವಸ್ತು ಆರಂಭದಲ್ಲಿಯೇ ತಿಳಿಯುತ್ತದೆ, ಮೊದಲೇ ಅಲ್ಲ. ಅವಧಾನದಲ್ಲಿ ಸಮಸ್ಯಾಪೂರಣವನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ಹೊಳೆಯುವುದು. ಕೊಟ್ಟ ಕಟ್ಟು ಕವಿಯನ್ನು ಬಂಧಿಸುವುದಿಲ್ಲ. ಎಲ್ಲಿಂದ ತೊಡಗಲಿ ಎಂಬ ತೊಳಲಾಟದಿಂದ ಅವನನ್ನು ಬಿಡಿಸುತ್ತದೆ.

ಆದರೆ ವಿದ್ಯಾರ್ಥಿಯು ನಿಶ್ಚಿಂತೆಯಿಂದ ಕೆಡಿಸಬೇಕಾದರೆ ಗುರುವು ಅದಕ್ಕೆ ಎಡೆಮಾಡಿಕೊಡಬೇಕು. ರಾಂಡಿ ಪೌಷ್ ತಮ್ಮ ತರಗತಿಯಲ್ಲಿ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ಮಾಡಿ, ಎರಡು ವಾರಗಳಲ್ಲಿ ಒಂದೊಂದು ಕೃತಕಲೋಕವನ್ನು ಕಟ್ಟಿಸಿ, ಗುಂಪುಗಳನ್ನು ಮತ್ತೆ ಕಲಸಿಬಿಡುತ್ತಿದ್ದರು. ಕೊನೆಯಲ್ಲಿ, ಎಲ್ಲರಿಗಿಂತ ಸಾಹಸದ ಪ್ರಯೋಗಕ್ಕೆ ಕೈಹಾಕಿ ಗುರಿಮುಟ್ಟದೆ ಸೋತ ಗುಂಪಿಗೆ ‘ಮೊದಲ ಪೆಂಗ್ವಿನ್’ ಎಂಬ ಬಹುಮಾನ! ನೀರಿನಲ್ಲಿ ಹಗೆಯಿರಬಹುದೆಂದು ಹಿಂಜರಿಯುವ ಹಿಂಡಿನಲ್ಲಿ ಯಾವುದಾದರೂ ಒಂದು ಪೆಂಗ್ವಿನ್ ಮೊದಲು ಧುಮುಕಲೇಬೇಕಷ್ಟೆ. ಪೌಷ್ 2008ರಲ್ಲಿ ತೀರಿಕೊಂಡರು. ಈ ಬಹುಮಾನದ ಮಾತು ಅವರ ಹೆಸರಿನೊಡನೆ ಉಳಿದಿದೆ. ಸೋಲಿಗೆ ಬಹುಮಾನವೆಂದರೆ ಸೋಮಾರಿತನಕ್ಕೆ ಬಹುಮಾನವೆಂದು ಯಾರೂ ಭ್ರಮಿಸಬಾರದು. ಏನನ್ನೂ ಮಾಡದವನು ಸೋಲುವುದು ಬೇರೆ, ಮಾಡಬಾರದಷ್ಟು ದೊಡ್ಡದನ್ನು ಮಾಡಹೊರಟವನು ಸೋಲುವುದು ಬೇರೆ.

ಈ ಪದ್ಧತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ನಿದ್ದೆಗೆಟ್ಟು ದುಡಿಯುವುದೇ ದೊಡ್ಡಸ್ತಿಕೆಯೆಂಬ ಭಾವನೆ ತರುಣರಲ್ಲಿ ಬಲಿಯಬಹುದು. ಓದಿನ ಜೊತೆಗೆ ಕೂಲಿ ಮಾಡಿ ಹೊಟ್ಟೆ ಹೊರೆಯಬೇಕಾದವನಿಗೂ ಮನೆಯ ಭಾರ ಹೊತ್ತ ಹೆಣ್ಣುಮಗಳಿಗೂ ಎರಡು ಹಗಲು ಎರಡು ರಾತ್ರಿಗಳ ಬಿಡುವು ಎಲ್ಲಿಂದ ಬಂದೀತು? ಗುಂಪಿನಲ್ಲಿ ಬಲ್ಲವನೊಬ್ಬನು ಕೆಲಸವನ್ನೆಲ್ಲ ಮಾಡಿ ಹೊಸಬನು ಸುಮ್ಮನೆ ನೋಡುತ್ತ ಕುಳಿತರೆ ಅವನು ಕಲಿತುದೇನು? ಎಲ್ಲಕ್ಕಿಂತ ಮುಖ್ಯವಾಗಿ, ಜಾಮ್ ತೊಡಗುವುದನ್ನು ಕಲಿಸುತ್ತದೆ, ಕೊನೆಮುಟ್ಟಿಸುವುದನ್ನು ಕಲಿಸದು. ಒಂದು ವಾರದ ಗೋಪುರಕ್ಕೂ ಎರಡು ವರ್ಷದ ಆಟಕ್ಕೂ ನಡುವೆ ಇರುವ ತಾಳ್ಮೆಯನ್ನು ಬೇರೆಲ್ಲೋ ಗಳಿಸಬೇಕು. ಆದುದರಿಂದ ಗಡುವು ಮುಗಿದೊಡನೆ ಪಾಠವೂ ಮುಗಿಯಿತೆನ್ನಲಾಗದು. ಕಟ್ಟಿದವನು ಬಾಯ್ಮುಚ್ಚಿ ಕುಳಿತು, ಅಪರಿಚಿತನೊಬ್ಬನು ತನ್ನ ಆಟವನ್ನು ಆಡುತ್ತ ಎಲ್ಲಿ ತಡವರಿಸುತ್ತಾನೆ, ಎಲ್ಲಿ ನಗುತ್ತಾನೆ ಎಂದು ನೋಡುವುದರಲ್ಲಿ ನಿಜವಾದ ಪಾಠದ ಅರ್ಧ ಭಾಗವಿದೆ.

ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಯು ಪ್ರಬಂಧವೊಂದನ್ನು ಸಾಮಾನ್ಯವಾಗಿ ಒಮ್ಮೆ ಬರೆಯುತ್ತಾನೆ. ಕೆಂಪು ಶಾಯಿಯ ಗುರುತು ಹೊತ್ತು ಅದು ಹಿಂದಿರುಗುತ್ತದೆ, ಅಲ್ಲಿಗೆ ಅದರ ಆಯುಸ್ಸು ತೀರುತ್ತದೆ. ಮೊದಲ ಯತ್ನವೇ ಕೊನೆಯ ಯತ್ನವಾದಲ್ಲಿ ತಪ್ಪೆಂಬುದು ಅಪರಾಧವಾಗುವುದು ಸಹಜ. ಅಪರಾಧಕ್ಕೆ ಅಂಜಿದವನು ಟಿಪ್ಪಣಿಯ ವಾಕ್ಯಗಳನ್ನು ಬಿಟ್ಟು ಒಂದಡಿಯೂ ಆಚೆಗೆ ಇಡನು. ಐವತ್ತು ಆಟಗಳನ್ನು ಕಟ್ಟಿದ ಆ ನಾಲ್ವರಿಗೆ ದೊರೆತ ಭಾಗ್ಯವೆಂದರೆ ಮುಂದಿನ ವಾರವೊಂದು ಯಾವಾಗಲೂ ಇದ್ದುದು. ಅವರ ಯಂತ್ರಗಳನ್ನು ನಾವು ಕೊಂಡು ತರಲಾರೆವೇನೋ. ನಮ್ಮ ವಿದ್ಯಾರ್ಥಿಗಳಿಗೆ ಆ ಮುಂದಿನ ವಾರವನ್ನು ಕೊಡಲು ಮಾತ್ರ ಹಣ ಬೇಕಾಗಿಲ್ಲ. ಒಂದೇ ವಿಷಯವನ್ನು ಮೂರು ಬಾರಿ ಬರೆಯಿಸಿ, ಮೂರನ್ನೂ ಓದುವ ಅಧ್ಯಾಪಕನ ತಾಳ್ಮೆಯೊಂದಿದ್ದರೆ ಸಾಕು.